ಓಟಿಪಿ ಹೇಳಿಲ್ಲವಲ್ಲ, ಇನ್ನೇನು ಭಯ?

ಗಾಂಧಿ ಬಜಾರಿನಲ್ಲಾಗಲಿ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಾಗಲಿ, ಹಿರಿಯರ ಬಾಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿದೆ: ‘ನಾನು ಯಾರಿಗೂ ಓಟಿಪಿ ಹೇಳೋದಿಲ್ಲಪ್ಪ, ನನ್ನ ದುಡ್ಡಿಗೇನೂ ಆಗಲ್ಲ.’ ಅಭ್ಯಾಸ ಒಳ್ಳೆಯದೇ. ನಂಬಿಕೆ ಮಾತ್ರ ಪೊಳ್ಳು ಎಂದು ಬೆಂಗಳೂರಿಗೆ 2023ರಲ್ಲಿ ಗೊತ್ತಾಯಿತು.

ಆ ವರ್ಷ ಊರಿನ ಹಲವರ ಖಾತೆಯಿಂದ ಒಂದು ಓಟಿಪಿಯೂ ಬಾರದೆ ಹಣ ಹೋಯಿತು. ಅವರಲ್ಲಿ ಅನೇಕರು ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದವರು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೇ ಇದ್ದವು. ವಂಚಕರು ಆ ಗುರುತಿನಿಂದ ನಕಲಿ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ಯಂತ್ರಕ್ಕೆ ಒತ್ತಿದರು. ಹಳ್ಳಿಯವರು ಬ್ಯಾಂಕಿಗೆ ಅಲೆಯದಿರಲೆಂದು ಮಾಡಿದ ಈ ವ್ಯವಸ್ಥೆಗೆ ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಅಷ್ಟೇ. ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ಈ ಬಾಗಿಲು ಮುಚ್ಚುತ್ತದೆ. ಬೆರಳು ಒತ್ತಬೇಕಾದ ದಿನ ತೆರೆದುಕೊಳ್ಳಬಹುದು.

‘ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ’ ಎಂದು ಅದನ್ನು ಜೆರಾಕ್ಸ್ ಅಂಗಡಿಯ ವಾಟ್ಸ್ಆ್ಯಪಿಗೆ ಕಳಿಸುವವರಿದ್ದಾರೆ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ: ಇದೇ ಆ ಪಾಸ್‌ವರ್ಡ್. ಪಕ್ಕದ ಮನೆಯವರಿಗೂ ಗೊತ್ತು! ಮೇಲಾಗಿ ಪ್ರಿಂಟ್ ತೆಗೆಯಲೆಂದು ಅದನ್ನೂ ನಾವೇ ಹೇಳಿಬಿಡುತ್ತೇವೆ. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು, ಆಧಾರ್ ಪ್ರತಿಯನ್ನು ಕಂಡಕಂಡಲ್ಲಿ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಪ್ರಕಟಣೆ ಹೊರಡಿಸಿತು. ಜನ ತಪ್ಪು ತಿಳಿದಾರೆಂದು ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂಪಡೆಯಿತು. ನನ್ನ ಮಟ್ಟಿಗೆ, ಹಿಂಪಡೆದ ಆ ಬುದ್ಧಿಮಾತೇ ಸರಿ.

ಇನ್ನು ಮನೆಯ ಕಂಪ್ಯೂಟರು. ಅಮೆರಿಕದ ಮಗ ಹಿಂದೆಂದೋ ಬಂದಾಗ ಆ್ಯಂಟಿವೈರಸ್ ಹಾಕಿಕೊಟ್ಟಿದ್ದಾನೆ, ಸಾಕು ಎಂಬ ನೆಮ್ಮದಿ ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿದೆ. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನೋಂದಾಯಿಸಿಕೊಂಡವರಿಗಷ್ಟೇ ಹೆಚ್ಚುವರಿ ಅವಧಿ. ಯಂತ್ರ ಓಡುತ್ತಿರುತ್ತದೆ, ಹೊಸದಾಗಿ ಕಂಡ ಬಿರುಕನ್ನು ಮುಚ್ಚುವವರು ಇರುವುದಿಲ್ಲ. ದೂರದಿಂದ ರಿಪೇರಿ ಮಾಡಲೆಂದು ಮಗನೇ ಹಾಕಿದ ಎನಿಡೆಸ್ಕಿನಂಥ ಆ್ಯಪ್ ಇನ್ನೊಂದು ತಲೆನೋವು. ‘ಬ್ಯಾಂಕಿನಿಂದ’ ಕರೆ ಮಾಡುವವನು ಕೇಳುವುದೂ ಅದರ ನಂಬರನ್ನೇ.

ಜಾಲತಾಣದ ವಿಳಾಸದ ಪಕ್ಕ ಬೀಗದ ಚಿತ್ರವಿದ್ದರೆ ತಾಣ ಅಸಲಿ ಎಂಬುದೂ ಸುಳ್ಳು. ಮಾತು ಮಧ್ಯದಲ್ಲಿ ಕದಿಯಲಾಗದು ಎಂದಷ್ಟೇ ಆ ಬೀಗದ ಅರ್ಥ. ಆಚೆ ಕೂತವನು ಕಳ್ಳನೂ ಆಗಿರಬಹುದು. ಗೂಗಲ್ ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆಯಿತು.

ಹಣ ಹೋದ ಮೇಲೆ ‘ಸೋಮವಾರ ಮ್ಯಾನೇಜರ್ ಹತ್ತಿರ ಹೋಗೋಣ’ ಎನ್ನುವುದು ಎಲ್ಲಕ್ಕಿಂತ ದುಬಾರಿ ನಂಬಿಕೆ. ಕದ್ದ ಹಣ ಖಾತೆಯಿಂದ ಖಾತೆಗೆ ಜಿಗಿಯುತ್ತಿರುವಾಗಲೇ ತಡೆಹಿಡಿಯಲು ಸಾಧ್ಯ. ಅದಕ್ಕಾಗಿಯೇ ಇರುವ ಸಹಾಯವಾಣಿ 1930. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದ ವಂಚನೆಯನ್ನು 3 ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ದೂರು ಬರೆದುಕೊಡಿ, ಸ್ವೀಕೃತಿ ಸಂಖ್ಯೆ ಇಸಿದುಕೊಳ್ಳಿ.