ಕಲಿಕೆಯ ಆ್ಯಪ್: ಬಾಗಿಲ ಪುಟವನ್ನು ತಿದ್ದಿದ ಬಗೆ



ಅಡಿಕೆ ಕೊಯ್ಲೂ ಕಾಫಿ ಕೊಯ್ಲೂ ಒಂದರ ಮೇಲೊಂದು ಬರುವ ತಿಂಗಳುಗಳಲ್ಲಿ ಹೊರಗಿನ ಜಿಲ್ಲೆಗಳಿಂದ ನಮ್ಮ ತೋಟಗಳಿಗೆ ಬರುವ ಕುಟುಂಬಗಳನ್ನು ತಾವೆಲ್ಲರೂ ಬಲ್ಲಿರಿ. ಕೆಲವು ವರ್ಷಗಳಿಂದ ನಮ್ಮ ಸದಸ್ಯರ ಲೈನು ಮನೆಗಳಿಗೆ ಬರುತ್ತಿರುವವರಲ್ಲಿ ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ಚಿಂಚೋಳಿ ಕಡೆಯವರೂ ಇದ್ದಾರೆ. ಮನೆಗೆ ಹಾಸುವ ಕಲ್ಲಿನ ದೆಸೆಯಿಂದ ಶಹಾಬಾದದ ಹೆಸರು ನಮಗೆ ಮೊದಲೇ ಪರಿಚಿತ. ಆ ಊರಿನ ಜನರ ಪರಿಚಯವಾದದ್ದು ಮಾತ್ರ ಈಚೆಗೆ.

ಇವರು ಮಕ್ಕಳನ್ನೂ ಕರೆತರುತ್ತಾರೆ. ಮಕ್ಕಳ ಚೀಲದಲ್ಲಿ ಶಾಲೆಯ ಪುಸ್ತಕಗಳಿರುತ್ತವೆ. ನವೆಂಬರಿನಲ್ಲಿ ಬಂದ ಮಗು ಫೆಬ್ರವರಿ ಕೊನೆಗೆ ಊರಿಗೆ ಮರಳುವ ಹೊತ್ತಿಗೆ ತರಗತಿಯ ಪಾಠ ಬಹಳ ಮುಂದೆ ಹೋಗಿರುತ್ತದೆ. ಎರಡು ವರ್ಷ ಹೀಗಾದರೆ ಮೂರನೆಯ ವರ್ಷ ಮಗುವಿಗೆ ಶಾಲೆಯೇ ಬೇಡವಾಗುತ್ತದೆ. ನಮ್ಮ ಕೊಯ್ಲು ನಡೆಯಬೇಕು, ಆದರೆ ಅದರ ಬೆಲೆಯನ್ನು ಆ ಮಗು ತೆರಬಾರದು. ಈ ದಿಸೆಯಲ್ಲಿ ಸಂಘವು ಮಾಡಿದ ಒಂದು ಸಣ್ಣ ಪ್ರಯತ್ನವನ್ನೂ, ಅದರಲ್ಲಿ ನಾವು ಮೊದಲು ಸೋತ ಬಗೆಯನ್ನೂ, ಆಮೇಲೆ ತಿದ್ದಿಕೊಂಡ ಬಗೆಯನ್ನೂ ಇಲ್ಲಿ ವಿವರಿಸುತ್ತೇವೆ.

ಪುಸ್ತಕದೊಳಗಿನ ಚೌಕ

ಈಗಿನ ಪಠ್ಯಪುಸ್ತಕಗಳ ಪಾಠದ ಬಳಿ ಕಪ್ಪು ಚುಕ್ಕೆಗಳ ಒಂದು ಚೌಕ ಅಚ್ಚಾಗಿರುವುದನ್ನು ನೋಡಿರಬಹುದು. ಅಂಗಡಿಯಲ್ಲಿ ಹಣ ಪಾವತಿಗೆ ಇರುವಂಥದೇ ಕ್ಯೂಆರ್ ಕೋಡ್ ಇದು. ‘ದೀಕ್ಷಾ’ ಎಂಬ ಆ್ಯಪನ್ನು ಫೋನಿಗೆ ಇಳಿಸಿಕೊಂಡು, ಅದರೊಳಗಿನ ಸ್ಕ್ಯಾನರನ್ನು ಈ ಚೌಕಕ್ಕೆ ಹಿಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೋ, ಅಭ್ಯಾಸ ಮೊದಲಾದವು ತೆರೆದುಕೊಳ್ಳುತ್ತವೆ. ಕ್ಯಾಮೆರಾ ಸರಿಯಿಲ್ಲದಿದ್ದರೆ ಚೌಕದ ಜೊತೆಗಿರುವ 6 ಅಕ್ಷರ-ಅಂಕಿಗಳನ್ನು ಒತ್ತಿದರೂ ಆಗುತ್ತದೆ.

ದೀಕ್ಷಾ ವೇದಿಕೆಯನ್ನು 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿತು. ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ರೂಪಿಸಿದ ‘ಸನ್‌ಬರ್ಡ್’ ಎಂಬ ತಂತ್ರಾಂಶ ಇದರ ಬುನಾದಿ. ಮೊದಲು ಇದು ಮುಖ್ಯವಾಗಿ ಶಿಕ್ಷಕರಿಗಾಗಿ ಇತ್ತು. ಪುಸ್ತಕಗಳಲ್ಲಿ ಚೌಕ ಅಚ್ಚಾದ ಮೇಲೆ ಮಕ್ಕಳಿಗೂ ದಾರಿಯಾಯಿತು. 2020ರ ಮೇ ತಿಂಗಳಲ್ಲಿ, ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ, ಪಿಎಂ ಇ-ವಿದ್ಯಾ ಯೋಜನೆಯಡಿ ಇದನ್ನು ಇಡೀ ದೇಶದ ಶಾಲಾ ಕಲಿಕೆಯ ವೇದಿಕೆಯಾಗಿ ಘೋಷಿಸಲಾಯಿತು. ಆ್ಯಪ್ ಉಚಿತ. ಹೆಸರು ನೋಂದಾಯಿಸದೆಯೂ ಪಾಠ ನೋಡಬಹುದು. ಒಮ್ಮೆ ಇಳಿಸಿಕೊಂಡ ಪಾಠವನ್ನು ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು. ಕನ್ನಡವಷ್ಟೇ ಅಲ್ಲ, ಉರ್ದು, ತೆಲುಗು, ಮರಾಠಿಗಳನ್ನೂ ಆರಿಸಿಕೊಳ್ಳಬಹುದು. ಶಹಾಬಾದ, ವಾಡಿ ಕಡೆಯ ಮನೆಗಳಲ್ಲಿ ಕನ್ನಡದ ಜೊತೆಗೆ ಉರ್ದು, ತೆಲುಗು ಕೇಳಿಬರುವುದರಿಂದ ಇದು ಸಣ್ಣ ಸಂಗತಿಯಲ್ಲ.

ಇಷ್ಟೆಲ್ಲ ಅನುಕೂಲವಿರುವಾಗ ಸುದ್ದಿ ತಿಳಿಸಿದರೆ ಸಾಕು, ಜನ ತಾವಾಗಿಯೇ ಇಳಿಸಿಕೊಳ್ಳುತ್ತಾರೆಂದು ನಾವು ತಿಳಿದೆವು. ನಮ್ಮ ತಪ್ಪು ಅಲ್ಲಿಂದಲೇ ಆರಂಭವಾಯಿತು.

ಮೊದಲ ಪುಟ ಏಕೆ ಸೋತಿತು?

ಮೊದಲ ವರ್ಷ ನಾವು ಫೋನಿಗೆ ಕಳುಹಿಸಲು ಒಂದು ಪುಟ ಸಿದ್ಧಪಡಿಸಿದೆವು. ಮೇಲೆ ಸಂಘದ ಲಾಂಛನ, ಅದರ ಕೆಳಗೆ ಆಡಳಿತ ಮಂಡಲಿಯ ಹೆಸರುಗಳು, ಆಮೇಲೆ ಡಿಜಿಟಲ್ ಶಿಕ್ಷಣದ ಮಹತ್ವ ಕುರಿತು ಎರಡು ದೀರ್ಘ ಖಂಡಿಕೆಗಳು. ಆ್ಯಪ್ ಇಳಿಸಿಕೊಳ್ಳುವ ಕೊಂಡಿ ತೀರಾ ಕೆಳಗೆ ಇತ್ತು. ಬರೆದವರು ನಾವೇ ಆದುದರಿಂದ ಪುಟ ನಮಗೆ ಚೆನ್ನಾಗಿಯೇ ಕಂಡಿತು. ಕೊಯ್ಲು ಮುಗಿದು ವಿಚಾರಿಸಿದಾಗ ಇಳಿಸಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಹೆಚ್ಚಿನವರು ನಮ್ಮ ಸದಸ್ಯರ ಮಕ್ಕಳು. ಲೈನು ಮನೆಗಳಲ್ಲಿ ಹೆಚ್ಚುಕಡಿಮೆ ಯಾರೂ ಇಲ್ಲ.

‘ಅವರಿಗೆ ಆಸಕ್ತಿಯಿಲ್ಲ’ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ನಮಗೂ ಹಾಗೇ ಅನ್ನಿಸಿತ್ತು. ಆದರೆ ಒಂದು ಸಂಜೆ ಲೈನಿಗೆ ಹೋಗಿ, ಪುಟವನ್ನು ಒಬ್ಬ ತಾಯಿಯ ಕೈಗೆ ಕೊಟ್ಟು, ಏನೂ ಹೇಳದೆ ಸುಮ್ಮನೆ ಕುಳಿತೆವು. ಆಕೆ ಲಾಂಛನ ನೋಡಿದಳು, ಬೆರಳಿನಿಂದ ಸ್ವಲ್ಪ ಮೇಲೆ ಸರಿಸಿದಳು, ಫೋನನ್ನು ನಮಗೇ ಹಿಂದಕ್ಕೆ ಕೊಟ್ಟಳು. ಬೇಡವೇ ಎಂದು ಕೇಳಿದಾಗ ಬಂದ ಉತ್ತರ ಇದು: “ಹುಡುಗಿ ಕಲೀಲಿ ಅಂತೀವ್ರಿ ಸಾವ್ಕಾರ್ರೆ. ಖರೆ ಇದರಾಗ ನೆಟ್ಟೆಲ್ಲ ಖಾಲಿ ಆದ್ರ ಊರಿಗಿ ಫೋನ್ ಹಚ್ಚದು ಹ್ಯಾಂಗ್ರಿ? ಊರಾಗ ಮುದುಕಿ ಒಬ್ಬಾಕಿನೇ ಅದಾಳ.”

ನಮ್ಮ ಎರಡು ಖಂಡಿಕೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಎಲ್ಲಿಯೂ ಇರಲಿಲ್ಲ. ಆಕೆಗೆ ಕಲಿಕೆಯ ಮಹತ್ವ ತಿಳಿಯದೆ ಇರಲಿಲ್ಲ. ಅದು ತಿಳಿದಿದ್ದರಿಂದಲೇ ಮಗುವಿನ ಪುಸ್ತಕಗಳನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದಳು. ತಿಳಿಯದವರು ನಾವು.

ಬಂದವರು ಕೇಳುವ ಪ್ರಶ್ನೆಗಳು

ಆ ವಾರ ಇನ್ನೂ ಕೆಲವು ಮನೆಗಳಲ್ಲಿ ಹೀಗೆಯೇ ಕುಳಿತು ನೋಡಿದೆವು. ಮಾತು ಬೇರೆ ಬೇರೆ ಇದ್ದರೂ ಪ್ರಶ್ನೆಗಳು ಐದೇ.

1. ಇದು ಏನು, ನನ್ನ ಮಗುವಿಗೆ ಏನು ಪ್ರಯೋಜನ?
2. ಎಷ್ಟು ಹಣ, ಎಷ್ಟು ನೆಟ್ ಹೋಗುತ್ತದೆ?
3. ನನ್ನ ಹಳೆಯ ಫೋನಿನಲ್ಲಿ ಜಾಗ ಇದೆಯೇ?
4. ನಮ್ಮ ಭಾಷೆಯಲ್ಲಿ ಇದೆಯೇ?
5. ಒತ್ತಿದರೆ ಏನಾದರೂ ಮೋಸ ಆಗುತ್ತದೆಯೇ?

ಆ್ಯಪ್ ಇಳಿಸಿಕೊಳ್ಳುವ ಪುಟದ ಕೆಲಸವೆಂದರೆ ಈ ಐದಕ್ಕೆ, ಇದೇ ಕ್ರಮದಲ್ಲಿ, ಒತ್ತುವ ಗುಂಡಿಗೆ ಮೊದಲೇ ಉತ್ತರ ಕೊಡುವುದು. ಪುಟವು ಮಾಡಿದವರ ಹೆಗ್ಗಳಿಕೆಯನ್ನು ಹೇಳಿದಷ್ಟೂ ಬಂದವರು ಬಾಗಿಲಿಂದಲೇ ಹಿಂದಿರುಗುತ್ತಾರೆ.

ಇದು ನಮಗೆ ಹೊಸ ಪಾಠವೇನೂ ಅಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಇಂದಿಗೂ ಮಳೆಗಾಲಕ್ಕೆ ಮೊದಲು ನಾವು ಅದನ್ನೇ ಕೇಳಿಕೊಂಡು ಬರುತ್ತೇವೆ. ಆದರೆ ದ್ರಾವಣದ ರಸಾಯನಶಾಸ್ತ್ರವನ್ನು ಓದಿ ಒಪ್ಪಿದ ಬೆಳೆಗಾರರು ಎಷ್ಟು ಮಂದಿ? 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಒಂದು ಸಾಲು, ಮತ್ತು ಸಿಂಪಡಿಸಿದ ಪಕ್ಕದ ತೋಟದಲ್ಲಿ ಕಾಯಿ ಉದುರದೆ ನಿಂತದ್ದು, ಈ ಎರಡೇ ನಮ್ಮನ್ನು ಒಪ್ಪಿಸಿದವು. ನಮಗೆ ಬೇಕಾದದ್ದು ಲೈನಿನ ತಾಯಿಗೂ ಬೇಕು.

ತಿದ್ದಿದ ಪುಟ

ಎರಡನೆಯ ವರ್ಷ ಹಳೆಯ ಪುಟವನ್ನು ತೆಗೆದುಹಾಕಿ ಹೊಸದನ್ನು ಮಾಡಿದೆವು. ಬದಲಾವಣೆಗಳು ಹೀಗಿವೆ.

ಮೊದಲನೆಯದಾಗಿ, ತಲೆಬರಹ. ‘ಡಿಜಿಟಲ್ ಶಿಕ್ಷಣ ವೇದಿಕೆ’ ಎಂಬುದನ್ನು ಹೊಡೆದುಹಾಕಿ, ‘ನಿಮ್ಮ ಮಗುವಿನ ಶಾಲೆ ಪುಸ್ತಕದ ಪಾಠ ಈ ಫೋನಿನಲ್ಲೇ’ ಎಂದು ಬರೆದೆವು. ಪ್ಲೇ ಸ್ಟೋರಿನಲ್ಲೂ ನಿಯಮ ಇಂಥದ್ದೇ. ಅಲ್ಲಿ ಆ್ಯಪಿನ ಹೆಸರಿಗೆ 30 ಅಕ್ಷರ, ಚಿಕ್ಕ ವಿವರಣೆಗೆ 80 ಅಕ್ಷರ ಮಾತ್ರ. ದೀರ್ಘ ವಿವರಣೆಗೆ 4000 ಅಕ್ಷರ ಬರೆಯಬಹುದು, ಆದರೆ ಮೊದಲ ನೋಟಕ್ಕೆ ಕಾಣುವುದು ಚಿಕ್ಕದು. ಹೇಳಬೇಕಾದ್ದನ್ನು ಅಷ್ಟರಲ್ಲೇ ಹೇಳಬೇಕು.

ಎರಡನೆಯದಾಗಿ, ಖರ್ಚು. ‘ರೊಕ್ಕ ಕೊಡಬೇಕಿಲ್ಲ. ಸಂಘದ ಕಚೇರಿಯ ವೈಫೈಯಲ್ಲಿ ಇಳಿಸಿಕೊಳ್ಳಿ. ಇಳಿಸಿದ ಪಾಠಕ್ಕೆ ಮತ್ತೆ ನೆಟ್ ಬೇಡ’ ಎಂದು ಎರಡನೆಯ ಸಾಲಿನಲ್ಲೇ ಹಾಕಿದೆವು. ‘ಹಣ’ ಎಂದು ನಾವು ಬರೆದದ್ದನ್ನು ‘ರೊಕ್ಕ’ ಎಂದು ತಿದ್ದಿದವರು ಚಿತ್ತಾಪುರದ ಒಬ್ಬ ಮೇಸ್ತ್ರಿ. ಸಂತೆಯ ದಿನ ಅವರೆಲ್ಲ ಪೇಟೆಗೆ ಬಂದೇ ಬರುವುದರಿಂದ ವೈಫೈಯನ್ನು ಅಂದು ಅವರಿಗಾಗಿ ತೆರೆದಿಟ್ಟೆವು.

ಮೂರನೆಯದಾಗಿ, ಚಿತ್ರ. ಸಂಘದ ಕಟ್ಟಡದ ಚಿತ್ರ ತೆಗೆದು ಮೂರು ಚಿತ್ರ ಹಾಕಿದೆವು: ಪುಸ್ತಕದ ಚೌಕ, ಅದಕ್ಕೆ ಹಿಡಿದ ಫೋನು, ತೆರೆದುಕೊಂಡ ಪಾಠ. ಓದು ಬಾರದವರಿಗೂ ಅಷ್ಟರಲ್ಲಿ ಅರ್ಥವಾಗುತ್ತದೆ.

ನಾಲ್ಕನೆಯದಾಗಿ, ಭಾಷೆ. ಕನ್ನಡದ ಕೆಳಗೆ ಅದೇ ನಾಲ್ಕು ಸಾಲುಗಳನ್ನು ಉರ್ದುವಿನಲ್ಲಿಯೂ ಹಾಕಿದೆವು. ಉರ್ದು ಮಾಧ್ಯಮದ ಮಕ್ಕಳ ತಂದೆಯೊಬ್ಬರು ಅದನ್ನು ಬರೆದುಕೊಟ್ಟರು.

ಐದನೆಯದಾಗಿ, ಗುಂಡಿ. ಒಂದೇ ಗುಂಡಿ, ದೊಡ್ಡದು, ಬೆರಳಿಗೆ ಸಿಗುವ ಜಾಗದಲ್ಲಿ. ಹಳೆಯ ಪುಟದಲ್ಲಿ ಸಂಘದ ಗೊಬ್ಬರದ ದರಪಟ್ಟಿಗೂ ಒಂದು ಕೊಂಡಿ ಇತ್ತು. ಅದನ್ನು ತೆಗೆದೆವು.

ತೆರೆದ ಮೇಲೆ ಏನೇನು ಕೇಳುತ್ತದೆಂಬುದನ್ನೂ ಮೊದಲೇ ತಿಳಿಸಿದೆವು. ದೀಕ್ಷಾ ಮೊದಲು ಭಾಷೆ ಕೇಳುತ್ತದೆ. ಆಮೇಲೆ ತಾವು ಶಿಕ್ಷಕರೋ ವಿದ್ಯಾರ್ಥಿಯೋ, ಯಾವ ಬೋರ್ಡು, ಯಾವ ಮಾಧ್ಯಮ, ಎಷ್ಟನೆಯ ತರಗತಿ ಎಂದು ಕೇಳುತ್ತದೆ. ಈ ಪ್ರಶ್ನೆಗಳ ನಡುವೆ ಗಾಬರಿಯಾಗಿ ಮುಚ್ಚಿದವರು ಇದ್ದರು. ಏನು ಒತ್ತಬೇಕೆಂದು ಸಾಲಾಗಿ ಬರೆದ ಮೇಲೆ ಅದು ಕಡಿಮೆಯಾಯಿತು. ಇಳಿಸಿಕೊಂಡರೆ ಕೆಲಸ ಮುಗಿಯಲಿಲ್ಲ. ಅದೇ ದಿನ ಮಗುವಿನ ಪುಸ್ತಕದ ಒಂದು ಪಾಠ ತೆರೆದರೆ ಮಾತ್ರ ಆ್ಯಪ್ ಫೋನಿನಲ್ಲಿ ಉಳಿಯುತ್ತದೆ. ಆದುದರಿಂದ ಕಚೇರಿಗೆ ಬರುವಾಗ ಪುಸ್ತಕವನ್ನೂ ತರಬೇಕೆಂದು ಪುಟದಲ್ಲೇ ಬರೆದೆವು.

ಭಯದ ಪ್ರಶ್ನೆ

ಐದನೆಯ ಪ್ರಶ್ನೆಗೆ ‘ಏನೂ ಆಗುವುದಿಲ್ಲ’ ಎಂದು ಬರೆದುಬಿಡುವುದು ಸುಲಭ, ಆದರೆ ಅದು ಪ್ರಾಮಾಣಿಕವಲ್ಲ. 2022ರ ಮೇ ತಿಂಗಳಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಹಲವು ದೇಶಗಳ ಕಲಿಕೆಯ ಆ್ಯಪ್‌ಗಳನ್ನು ಪರಿಶೀಲಿಸಿ, ಮಕ್ಕಳ ಮಾಹಿತಿ ಹೊರಗಿನ ಕಂಪನಿಗಳಿಗೆ ಹೋಗುತ್ತಿದೆಯೆಂದು ವರದಿ ಮಾಡಿತು. ಅದರಲ್ಲಿ ದೀಕ್ಷಾದ ಹೆಸರೂ ಇತ್ತು. 2023ರಲ್ಲಿ ಸಂಸತ್ತು ಒಪ್ಪಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯರ ಒಪ್ಪಿಗೆ ಬೇಕೆನ್ನುತ್ತದೆ. 2022ರಿಂದ ಪ್ಲೇ ಸ್ಟೋರಿನ ಪುಟದಲ್ಲೂ ಆ್ಯಪ್ ಯಾವ ಮಾಹಿತಿ ಪಡೆಯುತ್ತದೆಂದು ತಿಳಿಸುವ ಭಾಗವಿದೆ. ಆದುದರಿಂದ ನಾವು ಬರೆದದ್ದು ಇಷ್ಟೇ: ‘ಹೆಸರು, ನಂಬರು ಕೊಡದೆ ಪಾಠ ನೋಡಬಹುದು. ಚೌಕ ಓದಲು ಕ್ಯಾಮೆರಾಕ್ಕೆ ಒಪ್ಪಿಗೆ ಬೇಕು. ಬ್ಯಾಂಕಿನ ಓಟಿಪಿ ಯಾರು ಕೇಳಿದರೂ ಕೊಡಬೇಡಿ.’ ಈ ಸಾಲುಗಳನ್ನು ಓದಿದ ಮೇಲೆ ಒತ್ತಿದವರೇ ಹೆಚ್ಚು. ಹಿಂದೆ ಸರಿದವರನ್ನು ನಾವು ಕಾಣಲಿಲ್ಲ.

ಪುಟವೇ ಬೇಡದ ಬಾಗಿಲು

ಸಾದಾ ಫೋನು ಇರುವವರಿಗೆ ಎಷ್ಟು ಚೆಂದದ ಪುಟ ಮಾಡಿದರೂ ಪ್ರಯೋಜನವಿಲ್ಲ. 2020ರಲ್ಲಿ ನಮ್ಮ ರಾಜ್ಯದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಫೋನೇ ಇಲ್ಲದವರು, ಸಾದಾ ಫೋನು ಇರುವವರು, ನೆಟ್ ಸಹಿತ ಸ್ಮಾರ್ಟ್ ಫೋನು ಇರುವವರು ಎಂದು ವಿಂಗಡಿಸಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಕಾಫಿ ಮಂಡಳಿಯು 2018ರಲ್ಲಿ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ ಆರಂಭಿಸಿದ ‘ಕಾಫಿ ಕೃಷಿ ತರಂಗ’ ಸೇವೆಯಲ್ಲಿ ಸಲಹೆಗಳು ಧ್ವನಿರೂಪದಲ್ಲಿ ಫೋನಿನ ಕರೆಯಾಗಿಯೇ ಬಂದವು. ಆ್ಯಪ್ ಇಳಿಸಿಕೊಳ್ಳುವ ಪ್ರಮೇಯವೇ ಇರಲಿಲ್ಲ. ಹೊಸ್ತಿಲು ಎತ್ತರವಾದರೆ ಮೆಟ್ಟಿಲು ಹಾಕಬೇಕು. ಸಾಧ್ಯವಿದ್ದಲ್ಲಿ ಹೊಸ್ತಿಲನ್ನೇ ತೆಗೆಯಬೇಕು. ಅದರಂತೆ ನಾವೂ ಪ್ರತಿ ಲೈನಿನಲ್ಲಿ ಸ್ಮಾರ್ಟ್ ಫೋನು ಇರುವ ಒಂದು ಮನೆಯನ್ನು ಗೊತ್ತುಮಾಡಿ, ಸಂಜೆ ಅಲ್ಲಿ ಮಕ್ಕಳೆಲ್ಲ ಸೇರುವಂತೆ ಕೇಳಿಕೊಂಡೆವು.

ಫಲ ಮತ್ತು ಕೋರಿಕೆ

ಈ ಬಾರಿ ಕೆಲವು ತೋಟಗಳ ಲೈನುಗಳಲ್ಲಿ ಸಂಜೆ ಪಾಠದ ಧ್ವನಿ ಕೇಳಿಸಿತು. ಎಲ್ಲ ಕಡೆಯೂ ಅಲ್ಲ. ಹಗಲೆಲ್ಲ ಫೋನು ತಂದೆಯ ಜೇಬಿನಲ್ಲಿ ತೋಟದಲ್ಲಿರುತ್ತದೆ. ಸಂಜೆ ಚಾರ್ಜು ಮುಗಿದಿರುತ್ತದೆ. ಇದನ್ನು ಯಾವ ಪುಟವೂ ಸರಿಪಡಿಸದು. ನಮಗೆ ಉತ್ತರ ಕೊಟ್ಟ ಆ ತಾಯಿಯ ಮಗಳು ಭಿನ್ನರಾಶಿಯ ಪಾಠವನ್ನು ಕೊಯ್ಲಿನ ನಡುವೆಯೇ ಮುಗಿಸಿ ಊರಿಗೆ ಹೋದಳು ಎಂಬುದು ಮಾತ್ರ ನಮಗೆ ಗೊತ್ತು.

ಒಂದು ಮಾತನ್ನು ಮರೆಯುವಂತಿಲ್ಲ. ಆ್ಯಪ್ ಶಾಲೆಗೆ ಬದಲಿಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದು ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಹತ್ತಿರದ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವುದು ಮೊದಲ ಕೆಲಸ. ಸಂಜೆಯ ಫೋನು ಅದಕ್ಕೆ ಆಸರೆ ಮಾತ್ರ.

ಸದಸ್ಯ ಬಾಂಧವರಲ್ಲಿ ನಮ್ಮ ಕೋರಿಕೆ ಮೂರು. ಮುಂದಿನ ಕೊಯ್ಲಿಗೆ ಮುನ್ನ ತಮ್ಮ ಲೈನು ಮನೆಗಳಲ್ಲಿ ಚಾರ್ಜು ಮಾಡಲು ಒಂದು ಪ್ಲಗ್ ಪಾಯಿಂಟ್ ಹಾಕಿಸಿಕೊಡಿ. ಮಕ್ಕಳೊಂದಿಗೆ ಬಂದ ಕುಟುಂಬಗಳ ವಿವರವನ್ನು ರೈಟರ ಮೂಲಕ ಕಚೇರಿಗೆ ತಿಳಿಸಿ. ಮತ್ತು ಈ ಪುಟವನ್ನು ಯಾರಿಗಾದರೂ ತೋರಿಸುವಾಗ ವಿವರಿಸಲು ಹೋಗದೆ ಎರಡು ನಿಮಿಷ ಸುಮ್ಮನಿದ್ದು, ಅವರು ಎಲ್ಲಿ ತಡೆಯುತ್ತಾರೆಂದು ನೋಡಿ ನಮಗೆ ಬರೆಯಿರಿ. ಅಲ್ಲಲ್ಲಿ ತಿದ್ದಿ ಮುಂದಿನ ಕೊಯ್ಲಿಗೆ ಇನ್ನೊಂದು ಪುಟ ಮಾಡೋಣ.