ಮನೆಯಿಂದ ಕಚೇರಿ ಗಣಕಯಂತ್ರ ನಿರ್ವಹಣೆ: ಸುರಕ್ಷಿತ ತಂತ್ರಾಂಶದ ಆಯ್ಕೆ

ಮುಂಗಾರಿನ ದಿನಗಳಲ್ಲಿ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಭಾಗದಲ್ಲಿ ಮರ ಉರುಳಿ ಸಂಚಾರ ಸ್ಥಗಿತಗೊಳ್ಳುವುದುಂಟು. ಆಗ ಸಿಬ್ಬಂದಿಯು ಮನೆಯಿಂದಲೇ ಕಚೇರಿಯ ಗಣಕಯಂತ್ರವನ್ನು ನಿರ್ವಹಿಸುವಂತಾಗಲಿ ಎಂಬ ಬೇಡಿಕೆ ಸಹಜ. ತೀರ್ಮಾನಕ್ಕೆ ಮುನ್ನ ಸದಸ್ಯರು ಈ ಅಂಶಗಳನ್ನು ಗಮನಿಸುವುದು ಸೂಕ್ತ.

ಮೊದಲನೆಯದು ಅವಶ್ಯಕತೆ. ಪಂಚತಂತ್ರ 2.0, ಇ-ಸ್ವತ್ತು, ಇ-ಗ್ರಾಮ ಸ್ವರಾಜ್ ಇವೆಲ್ಲವೂ ಅಂತರ್ಜಾಲ ಆಧಾರಿತ. ಇವುಗಳನ್ನು ತೆರೆಯಲು ದೂರ ನಿರ್ವಹಣಾ ತಂತ್ರಾಂಶ ಬೇಕಿಲ್ಲ. ಕಚೇರಿಯ ಗಣಕಯಂತ್ರದಲ್ಲಷ್ಟೇ ಇರುವ ಕಡತಗಳಿಗೆ ಮಾತ್ರ ಅದು ಬೇಕಾಗುತ್ತದೆ. ಕಚೇರಿಯಲ್ಲಿ ವಿದ್ಯುತ್ ಇಲ್ಲದಿದ್ದರೆ ಅದೂ ನೆರವಾಗದು.

ಎರಡನೆಯದು ಅಪಾಯ. ಇಂತಹ ತಂತ್ರಾಂಶವು ಪರದೆ, ಕೀಲಿಮಣೆ ಎರಡನ್ನೂ ದೂರದಲ್ಲಿರುವವರ ಕೈಗೆ ಒಪ್ಪಿಸುತ್ತದೆ. ಅಧ್ಯಕ್ಷರ ಹಾಗೂ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಕೀಗಳು ಒಂದೇ ಗಣಕಯಂತ್ರದಲ್ಲಿ ಸಿಕ್ಕಿಸಿಯೇ ಇದ್ದು, ಪಾಸ್‌ವರ್ಡ್‌ಗಳೂ ಅಲ್ಲೇ ಉಳಿಸಿದ್ದರೆ, ಒಳನುಗ್ಗಿದವನಿಗೆ ಇಬ್ಬರ ಸಹಿಯೂ ದೊರೆತಂತೆ. ಒಬ್ಬರನ್ನೊಬ್ಬರು ಪರಿಶೀಲಿಸಲೆಂದು ಇರುವ ಜಂಟಿ ಸಹಿ ಆಗ ನಿರರ್ಥಕವಾಗುತ್ತದೆ.

ಮೂರನೆಯದು ನಿಯಮ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು (ಎನ್‌ಐಸಿ) ಜೂನ್ 2022ರಲ್ಲಿ ಸರ್ಕಾರಿ ನೌಕರರಿಗೆ ನೀಡಿದ ಮಾರ್ಗಸೂಚಿಯು, ಅನುಮತಿಯಿಲ್ಲದೆ ಟೀಮ್‌ವ್ಯೂವರ್, ಎನಿಡೆಸ್ಕ್ ಮುಂತಾದವುಗಳನ್ನು ಬಳಸಬಾರದೆಂದು ಹೇಳುತ್ತದೆ. ಆದ್ದರಿಂದ ಉಚಿತವಾಗಿ ದೊರೆಯುತ್ತದೆಂಬುದು ಆಯ್ಕೆಗೆ ಆಧಾರವಾಗಲಾರದು. ಮೇಲಧಿಕಾರಿಗಳ ಲಿಖಿತ ಅನುಮತಿ ಮೊದಲು ಇರಬೇಕು.

ಅನುಮತಿ ದೊರೆತಲ್ಲಿ ಪರಿಶೀಲಿಸಬೇಕಾದ ಅಂಶಗಳು:

1. ಪಾಸ್‌ವರ್ಡ್ ಜೊತೆಗೆ ಮೊಬೈಲ್‌ನಲ್ಲಿ ಎರಡನೇ ಹಂತದ ದೃಢೀಕರಣ ಇರಬೇಕು.
2. ಯಾರು, ಯಾವಾಗ ಸಂಪರ್ಕಿಸಿದರೆಂಬ ದಾಖಲೆ ಉಳಿಯಬೇಕು.
3. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವುದಾದರೆ ಕಚೇರಿಯ ಗಣಕಯಂತ್ರದಲ್ಲಿ ಪ್ರೊ ಆವೃತ್ತಿ ಬೇಕು. ಹೋಮ್ ಆವೃತ್ತಿಗೆ ಹೊರಗಿನಿಂದ ಹೀಗೆ ಪ್ರವೇಶಿಸಲಾಗದು. ಅದರ 3389 ಸಂಖ್ಯೆಯ ಪೋರ್ಟನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆಯದೆ, ವಿಪಿಎನ್ ಮೂಲಕವೇ ಸಂಪರ್ಕಿಸಬೇಕು.
4. ಸಹಿ ಕೀಗಳನ್ನು ಕೆಲಸ ಮುಗಿದೊಡನೆ ತೆಗೆದು, ಆಯಾ ಅಧಿಕಾರವುಳ್ಳವರೇ ಇಟ್ಟುಕೊಳ್ಳಬೇಕು.
5. ಸಿಬ್ಬಂದಿ ಬದಲಾದ ದಿನವೇ ಅವರ ಪ್ರವೇಶವನ್ನು ರದ್ದುಪಡಿಸಬೇಕು.

ಬ್ಯಾಂಕಿನವರೆಂದೋ ತಾಂತ್ರಿಕ ಸಿಬ್ಬಂದಿಯೆಂದೋ ದೂರವಾಣಿಯಲ್ಲಿ ಹೇಳಿಕೊಂಡು ಇಂತಹ ತಂತ್ರಾಂಶ ಅಳವಡಿಸಲು ಸೂಚಿಸುವವರಿಗೆ ಸಮ್ಮತಿಸಬಾರದು. ಈ ಬಗೆಯ ವಂಚನೆಯ ಕುರಿತು ಭಾರತೀಯ ರಿಸರ್ವ್ ಬ್ಯಾಂಕ್ ಫೆಬ್ರವರಿ 2019ರಲ್ಲೇ ಎಚ್ಚರಿಸಿತ್ತು. ಹಣ ಕಳೆದುಹೋದಲ್ಲಿ ತಡಮಾಡದೆ ಗಣಕಯಂತ್ರದ ಅಂತರ್ಜಾಲ ಸಂಪರ್ಕ ಕಡಿದು, 1930 ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು.

ಗಣಕಯಂತ್ರದಲ್ಲಿರುವುದು ಗ್ರಾಮಸ್ಥರ ಆಸ್ತಿ ದಾಖಲೆ ಮತ್ತು ತೆರಿಗೆ ಹಣದ ಲೆಕ್ಕ. ಆದಕಾರಣ ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಅವಧಿಗೆ ಪ್ರವೇಶ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಡವಳಿಯಲ್ಲಿ ದಾಖಲಿಸುವುದು ಯುಕ್ತ.