ಫೈನಲ್ ಆಡದೆ ಮೇಲೇರಿದ ಮುಂಬಯಿ

ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಒಂದು ಪ್ಲೇ-ಆಫ್ ಫೈನಲ್ ಗೆದ್ದರೆ ಸಾಕು, ತಂಡ ಮೇಲಿನ ಡಿವಿಷನ್‌ಗೆ ಹೋಗುತ್ತದೆ. ನಮ್ಮ ಮುಂಬಯಿಯಲ್ಲಿ ಹಾಗೆ ಬಡ್ತಿ ಪಡೆದ ಕ್ಲಬ್ ಇದೆಯೇ? – ಓದುಗರು, ಡೊಂಬಿವಲಿ

ಉತ್ತರ: ಬಡ್ತಿ ಪಡೆದದ್ದುಂಟು, ಆದರೆ ಫೈನಲ್ ಗೆದ್ದಲ್ಲ. 2007ರಲ್ಲಿ ಹುಟ್ಟಿದ ಮುಂಬಯಿ ಎಫ್‌ಸಿ ಮರುವರ್ಷವೇ ಎರಡನೇ ಡಿವಿಷನ್ ಗೆದ್ದು, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಸೇರಿತು. ಅಲ್ಲಿ ನಿರ್ಣಾಯಕವಾದದ್ದು ಅಂತಿಮ ಸುತ್ತಿನ ಅಂಕಪಟ್ಟಿ.

ಇಂಗ್ಲೆಂಡಿನಲ್ಲಿ 1986-87ರಿಂದ ಪ್ಲೇ-ಆಫ್ ಇದೆ. ಎರಡನೇ ಹಂತದ ಲೀಗ್‌ನಲ್ಲಿ ಮೊದಲ ಎರಡು ತಂಡಗಳಿಗೆ ನೇರ ಬಡ್ತಿ. ಮೂರರಿಂದ ಆರನೇ ಸ್ಥಾನದವರು ಉಳಿದ ಒಂದೇ ಜಾಗಕ್ಕೆ ವೆಂಬ್ಲಿಯ ಫೈನಲ್‌ವರೆಗೆ ಸೆಣಸುವುದು ಬಹುಕಾಲದ ರೂಢಿ. ವರ್ಷವಿಡೀ ಬೆವರು ಸುರಿಸಿ ಮೂರನೆಯವರಾದವರು ಆರನೆಯವರಿಗೆ ಸೋತು ಮನೆಗೆ ಹೋಗಬಹುದು. ಟಿಕೆಟ್ ಮಾರುವವರಿಗೆ ಹಬ್ಬ, ನನಗಂತೂ ಅನ್ಯಾಯವೆನಿಸುತ್ತದೆ.

ಕೂಪರೇಜ್ ಮೈದಾನದ ಮುಂಬಯಿ ಎಫ್‌ಸಿಯದು ಇನ್ನೂ ವಿಚಿತ್ರ ಕಥೆ. ಖಾಲಿದ್ ಜಮೀಲ್ ವರ್ಷಗಟ್ಟಲೆ ಅದರ ಕೋಚ್ ಆಗಿದ್ದರು. ಅವರು ಬಿಟ್ಟುಹೋದ ಮೇಲೆ, 2016-17ರಲ್ಲಿ, ತಂಡ ಕೊನೆಯ ಸ್ಥಾನಕ್ಕಿಳಿದು ಲೀಗ್‌ನಿಂದ ಹೊರಬಿತ್ತು, ಕ್ಲಬ್ಬೇ ಮುಚ್ಚಿಹೋಯಿತು. ಅದೇ ವರ್ಷ ಜಮೀಲ್ ಮಿಜೋರಮಿನ ಐಜ್ವಾಲ್ ಎಫ್‌ಸಿಗೆ ಐ-ಲೀಗ್ ಪ್ರಶಸ್ತಿ ಗೆಲ್ಲಿಸಿದರು. ಆ ಐಜ್ವಾಲ್ ಹಿಂದಿನ ವರ್ಷ ತಾನೇ ಕೆಳಗೆ ಬಿದ್ದು, ಗೋವಾದ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಉಳಿದುಕೊಂಡಿತ್ತು!

ಅಂಧೇರಿಯಲ್ಲಿ ಆಡುವ ಮುಂಬಯಿ ಸಿಟಿಗೆ ಬಡ್ತಿಯ ಗೊಡವೆಯೇ ಇರಲಿಲ್ಲ. 2014ರಲ್ಲಿ, ಮುಂದೆ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗಲೇ ಫ್ರಾಂಚೈಸಿಯಾಗಿ ಬಂತು. ಕೆಳಗಿನಿಂದ ಗೆದ್ದು ಐಎಸ್‌ಎಲ್‌ಗೆ ಏರಿದ ಮೊದಲ ತಂಡ ಪಂಜಾಬ್ ಎಫ್‌ಸಿ, 2023ರಲ್ಲಿ. ಅದೂ ಐ-ಲೀಗ್ ಗೆದ್ದೇ, ಪ್ಲೇ-ಆಫ್ ಇಲ್ಲದೆ.